ಪೋಸ್ಟಿನ ಮೊದಲ ಸಾಲಿಗೆ ಎಐ ನೆರವು: ಚಿಕ್ಕಮಗಳೂರಿನ ಕಾಫಿ, ಹೋಮ್‌ಸ್ಟೇಯವರಿಗೆ

ಇನ್‌ಸ್ಟಾಗ್ರಾಮಿನಲ್ಲಿ 2,200 ಅಕ್ಷರ ಬರೆಯಬಹುದು. ಆದರೆ ಫೀಡಿನಲ್ಲಿ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ, ಉಳಿದದ್ದು ‘ಮೋರ್’ ಒತ್ತಿದರಷ್ಟೇ. ಹಾಗಾಗಿ ಆ ಸಾಲಿಗೇ ಹೆಚ್ಚು ಹೊತ್ತು ಕೊಡಿ.

ಚಾಟ್‌ಜಿಪಿಟಿಗೆ ‘ಕಾಫಿ ಬಗ್ಗೆ ಚೆನ್ನಾಗಿರೋ ಸಾಲು ಕೊಡು’ ಅಂದರೆ ‘ಪ್ರಕೃತಿಯ ಮಡಿಲಲ್ಲಿ’ ಅಂತ ಶುರು ಮಾಡುತ್ತದೆ. ಅದು ಯಾವ ಊರಿಗೂ ಹೊಂದುವ ಮಾತು, ಯಾರೂ ನಿಂತು ಓದುವುದಿಲ್ಲ. ಮೊದಲು ನಿಮ್ಮ ತೋಟದ ವಿವರ ಕೊಡಬೇಕು. ನಾನು ಕೊಟ್ಟಿದ್ದು ಹೀಗೆ: ‘ಮಾರ್ಚ್‌ನಲ್ಲಿ ಹೂಮಳೆ (ಕಾಫಿ ಗಿಡ ಹೂ ಬಿಡಿಸುವ ಮಳೆ) ಬಂತು. ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಬಿಳಿ, ಮಲ್ಲಿಗೆಯಂಥ ಘಮ, ಮೂರು ದಿನಕ್ಕೆ ಹೂವು ಬಾಡಿತು. 12 ಪದ ಮೀರದ 10 ಸಾಲು ಬರೆ, ಆಡುಮಾತಿನಲ್ಲಿ. ಸ್ವರ್ಗ, ಮಡಿಲು, ಅದ್ಭುತ ಬೇಡ.’

ಹತ್ತರಲ್ಲಿ ಎಂಟು ಸಪ್ಪೆ ಇದ್ದವು. ಒಂದನ್ನು ತಿದ್ದಿ ಇಟ್ಟುಕೊಂಡೆ: ‘ಈ ಘಮ ಉಳಿಯೋದು ಮೂರೇ ದಿನ. ಅದೂ ಹೂಮಳೆ ಬಂದರೆ.’

ಕನ್ನಡ ಟೈಪಿಂಗ್ ಕಷ್ಟವಾದರೆ ಮೈಕ್ ಒತ್ತಿ ಮಾತಾಡಿಯೇ ಹೇಳಿ, ನಮ್ಮ ಮಲೆನಾಡಿನ ಮಾತಿನ ಧಾಟಿಯೂ ಉಳಿಯುತ್ತದೆ.

ಒಂದು ಎಚ್ಚರಿಕೆ. ಎಐ ತನ್ನಷ್ಟಕ್ಕೆ ವಿವರ ಸೇರಿಸಿಬಿಡುತ್ತದೆ. ಮುಳ್ಳಯ್ಯನಗಿರಿಯ ಎತ್ತರ, ಬಾಬಾ ಬುಡನ್ ತಂದ ಏಳು ಕಾಫಿ ಬೀಜದ ಕಥೆ, ಎಲ್ಲವನ್ನೂ ಒಮ್ಮೆ ನೋಡಿಕೊಳ್ಳಿ. ನಿಮ್ಮ ತೋಟದ ಕಾಫಿ ರೋಬಸ್ಟಾ ಜಾತಿಯದಾಗಿದ್ದು ಸಾಲಿನಲ್ಲಿ ಅರೇಬಿಕಾ ಅಂತ ಬಂದಿದ್ದರೆ ಪೋಸ್ಟ್ ಮಾಡುವ ಮೊದಲೇ ತೆಗೆಯಿರಿ.