ಶುಂಠಿ ಸೋಡಾ: ಬಾಟಲಿ ಒತ್ತಿ ನೋಡಿ, ಆಮೇಲೆ ಫ್ರಿಜ್‌ಗಿಡಿ

ಮೊಮ್ಮಗ ಹೋದ ಬೇಸಿಗೆ ರಜೆಗೆ ಧಾರವಾಡಕ್ಕೆ ಬಂದವನು, "ಅಜ್ಜಿ, ಮನೇಲೇ ಬಿಯರ್, ಸೈಡರ್ ಮಾಡೋದು ಕಲೀಬೇಕು" ಅಂದ. ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ನಮ್ಮ ರಾಜ್ಯದ 1965ರ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ. ಹಾಗಾಗಿ ಶುಂಠಿ ಸೋಡಾ ಕಲಿಸಿದೆ. ಹುದುಗುವ ರೀತಿ ಅದೇ. ಈಸ್ಟ್ ಅನ್ನುವ ಕಣ್ಣಿಗೆ ಕಾಣದ ಜೀವಿ ಸಕ್ಕರೆ ತಿಂದು ಗ್ಯಾಸ್ ಬಿಡುತ್ತದೆ, ಚೂರು ಮದ್ಯದಂಶವೂ ಆಗುತ್ತದೆ. ತಡ ಮಾಡಿದಷ್ಟೂ ಅದು ಜಾಸ್ತಿ. ಅದಕ್ಕೇ ಸಣ್ಣ ಮಕ್ಕಳಿಗೆ, ಬಸುರಿಯರಿಗೆ ಇದನ್ನು ಕೊಡಬೇಡಿ.

ಮೊದಲು ಹೆಪ್ಪು ಮಾಡಿಕೊಳ್ಳಬೇಕು. ಹಸಿ ಶುಂಠಿಯ ಮಣ್ಣು ತೊಳೆಯಿರಿ, ಸಿಪ್ಪೆ ಮಾತ್ರ ತೆಗೆಯಬೇಡಿ. ಈಸ್ಟ್ ಇರುವುದೇ ಸಿಪ್ಪೆಯಲ್ಲಿ. ತುರಿದ ಶುಂಠಿ ಎರಡು ಚಮಚ, ಸಕ್ಕರೆ ಎರಡು ಚಮಚ, ಕುದಿಸಿ ಪೂರ್ತಿ ಆರಿಸಿದ ನೀರು ಎರಡು ಕಪ್ಪು, ಇಷ್ಟನ್ನೂ ಗಾಜಿನ ಬರಣಿಗೆ ಹಾಕಿ ಬಟ್ಟೆ ಕಟ್ಟಿ. ನಳದ ನೀರನ್ನು ಹಾಗೇ ಸುರಿದರೆ ಅದರ ಕ್ಲೋರಿನ್ ಈಸ್ಟ್‌ಗೆ ಆಗಿಬರುವುದಿಲ್ಲ. ದಿನಾ ಒಂದೊಂದು ಚಮಚ ಶುಂಠಿ, ಸಕ್ಕರೆ ಹಾಕಿ ಕಲಕಿ. ನಾಲ್ಕೈದು ದಿನಕ್ಕೆ ನೊರೆ ಏಳುತ್ತದೆ. ಬರಣಿಗೆ ಕಿವಿಯಿಟ್ಟರೆ ಸಣ್ಣಗೆ ಸುಯ್ ಅನ್ನುವುದು ಕೇಳುತ್ತದೆ. ಜೋಳದ ಅಂಬಲಿ ಹುಳಿ ಬರುವುದನ್ನು ನೋಡಿದವರಿಗೆ ಇದೇನೂ ಹೊಸದಲ್ಲ, ಅಲ್ವಾ? ಮೇಲೆ ಕೂದಲಿನಂಥ ಬೂಷ್ಟು ಬಂದರೆ ಮಾತ್ರ ಪೂರ್ತಿ ಚೆಲ್ಲಿಬಿಡಿ.

ಆಮೇಲೆ ಒಂದು ಲೀಟರ್ ನೀರಿಗೆ 100 ಗ್ರಾಂ ಸಕ್ಕರೆ, ಜಜ್ಜಿದ ಶುಂಠಿ ಹಾಕಿ ಕುದಿಸಿ ಸೋಸಿ. ಕೈಗೆ ತಣ್ಣಗೆ ಹತ್ತುವವರೆಗೆ ಕಾಯಿರಿ, ಬಿಸಿ ಇದ್ದರೆ ಈಸ್ಟ್ ಸಾಯುತ್ತದೆ. ಒಂದು ನಿಂಬೆಹಣ್ಣಿನ ರಸ, ಕಾಲು ಕಪ್ಪು ಹೆಪ್ಪಿನ ನೀರು ಬೆರೆಸಿ ಬಾಟಲಿಗೆ ತುಂಬಿ. ಮೇಲೆ ಎರಡು ಬೆರಳು ಖಾಲಿ ಇರಲಿ.

ಬಾಟಲಿ ಪ್ಲಾಸ್ಟಿಕ್ಕಿನದೇ ಆಗಬೇಕು, ಅದೂ ಸೋಡಾ ಬಂದಿದ್ದ ಬಾಟಲಿ. ಒಂದು ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಮಗಳ ಮನೆಯಲ್ಲಿ ಗಾಜಿನ ಬಾಟಲಿಗೆ ತುಂಬಿ ಎರಡು ದಿನ ಹೊರಗಿಟ್ಟಿದ್ದೆ. ನಡುರಾತ್ರಿ ಢಂ ಅಂತ ಸಿಡಿಯಿತು. ಬೆಳಿಗ್ಗೆ ರೊಟ್ಟಿ ಹಂಚಿನ ಕೆಳಗೂ ಗಾಜಿನ ಚೂರು ಸಿಕ್ಕವು. ಆ ಹೊತ್ತಿಗೆ ಯಾರಾದರೂ ನೀರು ಕುಡಿಯಲು ಎದ್ದಿದ್ದರೆ ಅಂತ ಈಗಲೂ ಎದೆ ಝಲ್ಲೆನ್ನುತ್ತದೆ.

ಪ್ಲಾಸ್ಟಿಕ್ಕಾದರೆ ಕೈಯೇ ಹೇಳುತ್ತದೆ. ಬೆಳಿಗ್ಗೆ, ಸಂಜೆ ಒತ್ತಿ ನೋಡಿ. ಅಂಗಡಿಯ ಹೊಸ ಸೋಡಾ ಬಾಟಲಿಯಷ್ಟು ಬಿಗಿಯಾದ ತಕ್ಷಣ ಫ್ರಿಜ್‌ಗಿಡಿ. ಹುಬ್ಬಳ್ಳಿ ಬೇಸಿಗೆಗೆ ಒಂದೇ ದಿನ ಸಾಕು. ಧಾರವಾಡದ ಜಿಟಿಜಿಟಿ ಮಳೆಗಾಲದಲ್ಲಿ ಮೂರು ದಿನವೂ ಹಿಡಿಯುತ್ತದೆ. ತೆರೆಯುವಾಗ ಬಾಟಲಿಯನ್ನು ಸಿಂಕಿನ ಮೇಲೆ ಹಿಡಿದು ಮುಚ್ಚಳವನ್ನು ನಿಧಾನಕ್ಕೆ ತಿರುಗಿಸಿ, ವಾರದೊಳಗೆ ಕುಡಿದು ಮುಗಿಸಿ.