ಮುಖಕ್ಕೆ ಪೆಟ್ಟು ಬಿದ್ದಾಗ ಹಲ್ಲು, ದವಡೆ ಉಳಿಸಿಕೊಳ್ಳುವುದು ಹೇಗೆ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಮುಧೋಳ, ಜಮಖಂಡಿ, ಗೋಕಾಕ, ಅಥಣಿ ಕಡೆ ರಾತ್ರಿ ಬೈಕ್ ಓಡಿಸುವುದು ಅಪಾಯದ ಕೆಲಸ. ಹಿಂದೆ ದೀಪವಿಲ್ಲದ ಜೋಡಿ ಟ್ರೇಲರ್, ಹೊರಗೆ ಚಾಚಿದ ಕಬ್ಬು. ಗುದ್ದಿದರೆ ಪೆಟ್ಟು ನೇರ ಮುಖಕ್ಕೆ. ಎತ್ತು ಹಾಯ್ದಾಗ, ಕಬಡ್ಡಿಯಲ್ಲಿ ಮೊಣಕಾಲು ಬಡಿದಾಗಲೂ ಹಾಗೆಯೇ. ಮುಖದ ಗಾಯದಿಂದ ರಕ್ತ ಬಹಳ ಹರಿಯುತ್ತದೆ, ಸುತ್ತಲಿನವರ ಕಣ್ಣೆಲ್ಲ ಅದರ ಮೇಲೇ ಇರುತ್ತದೆ. ನೀವು ಮೊದಲು ನೋಡಬೇಕಾದದ್ದು ಉಸಿರು.

ಎಚ್ಚರವಿರುವವರನ್ನು ಅಂಗಾತ ಮಲಗಿಸಬೇಡಿ. ಕೂರಿಸಿ, ಮುಂದಕ್ಕೆ ಬಾಗಿಸಿ. ರಕ್ತ, ಜೊಲ್ಲು ಹೊರಗೆ ಸುರಿಯಲಿ. ಗದ್ದದ ಎರಡೂ ಬದಿ ಮೂಳೆ ಮುರಿದಿದ್ದರೆ ನಾಲಿಗೆಗೆ ಮುಂದೆ ಆಧಾರವೇ ಇರುವುದಿಲ್ಲ, ಮಲಗಿಸಿದರೆ ಹಿಂದೆ ಜಾರಿ ಗಂಟಲು ಮುಚ್ಚುತ್ತದೆ. ಎಚ್ಚರ ತಪ್ಪಿದ್ದರೆ ತಲೆ, ಕುತ್ತಿಗೆ, ಬೆನ್ನು ಒಂದೇ ಸಾಲಿನಲ್ಲಿರುವಂತೆ ಇಬ್ಬರು ಮೂವರು ಸೇರಿ ಮಗ್ಗುಲಿಗೆ ಹೊರಳಿಸಿ, 108ಕ್ಕೆ ಕರೆ ಮಾಡಿ. ಬಾಯಲ್ಲಿ ಕಣ್ಣಿಗೆ ಕಾಣುವ ಹಲ್ಲಿನ ಚೂರು, ಸಡಿಲವಾದ ಹಲ್ಲಿನ ಸೆಟ್ಟು ತೆಗೆಯಿರಿ. ಕಾಣದ್ದಕ್ಕೆ ಬೆರಳು ಹಾಕಿ ತಡಕಬೇಡಿ, ನೀರೂ ಕುಡಿಸಬೇಡಿ.

ರಕ್ತ ನಿಲ್ಲಿಸಲು ಒಗೆದ ಬಟ್ಟೆಯನ್ನು ಗಾಯದ ಮೇಲಿಟ್ಟು 10 ನಿಮಿಷ ಗಟ್ಟಿಯಾಗಿ ಒತ್ತಿ. ನಡುನಡುವೆ ಎತ್ತಿ ನೋಡಿದರೆ ಹೆಪ್ಪು ಕಿತ್ತು ಮತ್ತೆ ಹರಿಯುತ್ತದೆ. ಅರಿಷಿಣ, ಕಾಫಿ ಪುಡಿ ತುಂಬಲೇಬೇಡಿ. ಹೊಲಿಗೆ ಹಾಕುವ ಮುನ್ನ ಅದನ್ನೆಲ್ಲ ಕೆರೆದು ತೆಗೆಯಬೇಕಾಗುತ್ತದೆ. ಡಾಂಬರು, ಮಣ್ಣಿನ ಹರಳು ಒಳಗೇ ಉಳಿದರೆ ಚರ್ಮದಲ್ಲಿ ಹಚ್ಚೆಯಂತೆ ನೀಲಿ-ಕಪ್ಪು ಚುಕ್ಕೆಗಳು ನಿಂತುಬಿಡುತ್ತವೆ, ಆಮೇಲೆ ತೆಗೆಯುವುದು ಕಷ್ಟ. ತುಟಿಯ ಅಂಚು ಸೀಳಿದ್ದರೆ ಅವಸರದಲ್ಲಿ ಹೊಲಿಸಬೇಡಿ. ಕೆಂಪು ತುಟಿ ಮತ್ತು ಚರ್ಮ ಕೂಡುವ ಗೆರೆ 1 ಮಿ.ಮೀ. ತಪ್ಪಿದರೂ ಎದುರು ನಿಂತು ಮಾತಾಡುವವರಿಗೆ ಕಾಣುತ್ತದೆ. ಟಿಟಿ ಇಂಜೆಕ್ಷನ್ ಬೇಕೇ ಎಂದು ಕೇಳಿ.

ಬುಡಸಮೇತ ಕಿತ್ತು ಬಂದ ಹಲ್ಲು

ಇಲ್ಲಿ ನಿಮಿಷ ನಿಮಿಷಕ್ಕೂ ಬೆಲೆ ಇದೆ. ಬೇರಿನ ಮೇಲೆ ತೆಳುವಾದ ಜೀವಂತ ಪೊರೆ ಇರುತ್ತದೆ. ಹಲ್ಲು ಮತ್ತೆ ಮೂಳೆಗೆ ಹಿಡಿಯುವುದು ಅದರಿಂದಲೇ. ಒಣಗಿದ ಹಾಗೆ ಅದು ಸಾಯುತ್ತದೆ. 60 ನಿಮಿಷ ಒಣಗಿದ್ದ ಹಲ್ಲನ್ನು ಕೂರಿಸಿದರೂ ಬೇರು ಕ್ರಮೇಣ ಕರಗುತ್ತ ಹೋಗುತ್ತದೆ.

ಬಿಳಿ ಭಾಗದಲ್ಲಿ ಹಿಡಿಯಿರಿ, ಬೇರನ್ನು ಮುಟ್ಟಬೇಡಿ. ಮಣ್ಣಾಗಿದ್ದರೆ ತಣ್ಣೀರಿನಲ್ಲಿ 10 ಸೆಕೆಂಡು ಮೆಲ್ಲಗೆ ಅದ್ದಿ ತೆಗೆಯಿರಿ. ಉಜ್ಜುವುದು, ಸೋಪು, ಡೆಟಾಲ್ ಯಾವುದೂ ಬೇಡ. ಪಕ್ಕದ ಹಲ್ಲು ನೋಡಿ ಮುಂಭಾಗ ಮುಂದಕ್ಕೇ ಬರುವಂತೆ ಗುಳಿಯಲ್ಲಿ ಒತ್ತಿ ಕೂರಿಸಿ, ಮಡಿಚಿದ ಕರವಸ್ತ್ರ ಕಚ್ಚಿಸಿ. ಧೈರ್ಯ ಸಾಲದಿದ್ದರೆ ಹಲ್ಲು ಮುಳುಗುವಷ್ಟು ತಣ್ಣನೆಯ ಹಾಲಿನಲ್ಲಿಡಿ. ರಸ್ತೆ ಬದಿಯ ಚಹಾದಂಗಡಿಯಲ್ಲೂ ಹಾಲು ಸಿಗುತ್ತದೆ. ಒಲೆಯ ಮೇಲಿನ ಬಿಸಿ ಹಾಲು ಬೇಡ, ಪ್ಯಾಕೆಟ್ಟಿನದು ಕೇಳಿ. ಬರಿ ನೀರಿನಲ್ಲಿ ಇಟ್ಟರೆ ಪೊರೆಯ ಜೀವಕೋಶ ಉಬ್ಬಿ ಒಡೆಯುತ್ತವೆ. ವೈದ್ಯರು ಸಾಮಾನ್ಯವಾಗಿ ಪಕ್ಕದ ಹಲ್ಲುಗಳಿಗೆ 2 ವಾರ ತೆಳು ತಂತಿ ಅಂಟಿಸುತ್ತಾರೆ. ದೊಡ್ಡವರ ಹಲ್ಲಿಗೆ ಆ ಅವಧಿಯಲ್ಲೇ ಬೇರಿನ ಚಿಕಿತ್ಸೆ (ರೂಟ್ ಕೆನಾಲ್) ಶುರುವಾಗಬೇಕು. ಮಕ್ಕಳ ಹಾಲು ಹಲ್ಲನ್ನು ಮಾತ್ರ ಮತ್ತೆ ಕೂರಿಸಬಾರದು, ಕೆಳಗಿನ ಹೊಸ ಹಲ್ಲಿನ ಮೊಳಕೆಗೆ ಪೆಟ್ಟಾಗುತ್ತದೆ.

ದವಡೆ ಮುರಿದಿದೆಯೇ?

ಹಲ್ಲು ಕಚ್ಚಿದಾಗ ಮೊದಲಿನಂತೆ ಕೂಡದಿರುವುದು, ಕೆಳತುಟಿ ಜೋಮು ಹಿಡಿದಂತಾಗುವುದು, ಬಾಯಿ ತೆರೆಯಲಾಗದಿರುವುದು, ನಾಲಿಗೆಯ ಕೆಳಗೆ ನೀಲಿಗಟ್ಟುವುದು: ಇದರಲ್ಲಿ ಒಂದಿದ್ದರೂ ಎಕ್ಸ್‌ರೇ ಬೇಕು. ಬಟ್ಟೆಯಿಂದ ದವಡೆಯನ್ನು ಬಿಗಿದು ಕಟ್ಟಬೇಡಿ, ವಾಂತಿಯಾದರೆ ಹೊರಬರಲು ದಾರಿ ಇರುವುದಿಲ್ಲ.

ಮಕ್ಕಳು ಗದ್ದದ ಮೇಲೆ ಬಿದ್ದಾಗ ಮನೆಯವರು ಗದ್ದಕ್ಕೆ ನಾಲ್ಕು ಹೊಲಿಗೆ ಹಾಕಿಸಿ ಸುಮ್ಮನಾಗುತ್ತಾರೆ. ಪೆಟ್ಟಿನ ಬಲ ದವಡೆಗುಂಟ ಹೋಗಿ ಕಿವಿಯ ಮುಂದಿನ ಕೀಲನ್ನು ಮುರಿದಿರಬಹುದು. ಅಲ್ಲಿ ಒತ್ತಿ ನೋಡಿ, ಬಾಯಿ ತೆರೆಸಿ ನೋಡಿ. ಗದ್ದ ಒಂದು ಬದಿಗೆ ಎಳೆದರೆ ಅದೇ ಸೂಚನೆ. ಬಿಟ್ಟರೆ ಕೀಲು ತಲೆಮೂಳೆಗೆ ಬೆಸೆದುಕೊಂಡು ಬಾಯಿ ತೆರೆಯದಂತಾಗುತ್ತದೆ, ದವಡೆ ಬೆಳೆಯುವುದೂ ಕುಂಠಿತವಾಗುತ್ತದೆ. ಆದ್ದರಿಂದ ಮಕ್ಕಳಲ್ಲಿ ಬೇಗನೆ ಬಾಯಿ ತೆರೆಯುವ ವ್ಯಾಯಾಮ ಮಾಡಿಸುತ್ತಾರೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ದಂತ ಮಹಾವಿದ್ಯಾಲಯಗಳಿವೆ, ಅಲ್ಲಿಯ ಓರಲ್ ಸರ್ಜರಿ ವಿಭಾಗ ಕೇಳಿ. ಆದರೆ ಎಚ್ಚರ ತಪ್ಪಿದ್ದರೆ, ಪದೇ ಪದೇ ವಾಂತಿಯಾದರೆ, ಒಂದೇ ವಸ್ತು ಎರಡಾಗಿ ಕಂಡರೆ ಅಥವಾ ಮೂಗಿನಿಂದ ತಿಳಿ ನೀರು ಸುರಿದರೆ ಮೊದಲು ತಲೆಯ ಸಿಟಿ ಸ್ಕ್ಯಾನ್ ಇರುವ ದೊಡ್ಡ ಆಸ್ಪತ್ರೆ. ದಾರಿಯಲ್ಲಿ ಮೂಗು ಸೀಟಬಾರದು, ಅರಳೆ ತುರುಕಬಾರದು.

ತಂತಿ ಕಟ್ಟಿದ ಮೇಲೆ

ಮುರಿದ ದವಡೆ ಕೂಡಲು ಮೂಳೆಗೆ ಟೈಟೇನಿಯಂ ಪ್ಲೇಟ್ ಹಾಕಿದರೂ ಸುಮಾರು 6 ವಾರ ಅಗಿಯುವ ಊಟವಿಲ್ಲ. ಮೇಲಿನ, ಕೆಳಗಿನ ಹಲ್ಲುಗಳನ್ನು ತಂತಿಯಿಂದ ಸೇರಿಸಿ ಬಾಯಿ ಕಟ್ಟಿದ್ದರೆ, ದೊಡ್ಡವರಿಗೆ ಸಾಮಾನ್ಯವಾಗಿ 4ರಿಂದ 6 ವಾರ, ಎಲ್ಲವೂ ದ್ರವವೇ. ಜೋಳದ ಅಂಬಲಿ, ತುಪ್ಪ ಹಾಕಿದ ಬೇಳೆ ಕಟ್ಟು, ಹಾಲು, ಮಜ್ಜಿಗೆ, ಮಿಕ್ಸಿಯಲ್ಲಿ ರುಬ್ಬಿದ ಅನ್ನ-ಸಾರು ಎಲ್ಲವನ್ನೂ ಸೋಸಿ ಕೊಡಿ. ಸೋಸದ ಜೋಳದ ತೌಡು ತಂತಿಗೆ ಸಿಕ್ಕಿಕೊಂಡು ವಸಡು ಬಾಯುತ್ತದೆ. ದಿನಕ್ಕೆ ಆರೇಳು ಸಲ ಕೊಡಿ, ವಾರಕ್ಕೊಮ್ಮೆ ತೂಕ ನೋಡಿ. ಪ್ರತಿ ಸಲ ಕುಡಿದ ಮೇಲೆ ಒಂದು ಲೋಟ ಉಗುರು ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಬೇಕು. ತಂಬಾಕು, ಗುಟ್ಕಾ, ಬೀಡಿ ಈ ಅವಧಿಯಲ್ಲಿ ಬಾಯಿಗೆ ಬಂದರೆ ಕೀವಾಗುವುದು, ಮೂಳೆ ತಡವಾಗಿ ಕೂಡುವುದು ಹೆಚ್ಚು. ತಂತಿ ಕತ್ತರಿಸುವ ಕಟರ್ ರೋಗಿಯ ಕೈಗೆಟುಕುವಲ್ಲೇ ಇರಲಿ. ಯಾವ ತಂತಿ ಕತ್ತರಿಸಬೇಕೆಂದು ಡಿಸ್ಚಾರ್ಜಿನ ದಿನವೇ ಮನೆಯವರೊಬ್ಬರು ಕೇಳಿ ಕಲಿಯಬೇಕು. ವಾಂತಿ ಬಂದರೆ ಮುಂದಕ್ಕೆ ಬಾಗಿದರೆ ಬಹುಮಟ್ಟಿಗೆ ಹಲ್ಲುಗಳ ಸಂದಿಯಿಂದಲೇ ಹೊರಬರುತ್ತದೆ. ಉಸಿರು ಕಟ್ಟಿದರೆ ಕತ್ತರಿಸಲು ಹಿಂಜರಿಯಬೇಡಿ.

ಪೆಟ್ಟೇ ಬೀಳದಂತೆ

ಟೋಪಿಯಂಥ ಅರ್ಧ ಹೆಲ್ಮೆಟ್ ದವಡೆಯನ್ನು ಕಾಯುವುದಿಲ್ಲ. ಗದ್ದ ಮುಚ್ಚುವ, ಐಎಸ್‌ಐ ಗುರುತಿನ ಜೊತೆ ಐಎಸ್ 4151 ಎಂದಿರುವ ಹೆಲ್ಮೆಟ್ ಕೊಳ್ಳಿ. ಪಟ್ಟಿ ಬಿಗಿದ ಮೇಲೆ ಹಿಂದಿನಿಂದ ಮೇಲಕ್ಕೆತ್ತಿದರೆ ಕಳಚಬಾರದು. ಟ್ರೇಲರಿನ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ, ಕಬ್ಬಿನ ಸುಳಿ ಅದನ್ನು ಮುಚ್ಚದಂತೆ ಹೇರಿ. ಕುಸ್ತಿ, ಕಬಡ್ಡಿ ಆಡುವ ಹುಡುಗರಿಗೆ ಹಲ್ಲಿನ ಮೇಲೆ ಕವಚದಂತೆ ಕೂರುವ ಮೌತ್ ಗಾರ್ಡ್ ಬೇಕು. ಬಿಸಿ ನೀರಲ್ಲಿ ಅದ್ದಿ ಕಚ್ಚುವ ಬಗೆಯದು ಆಟದ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ, ಆದರೆ ದಂತವೈದ್ಯರು ಅಚ್ಚು ತೆಗೆದು ಮಾಡಿಕೊಡುವುದು ಆಟದ ನಡುವೆ ಸಡಿಲಾಗುವುದಿಲ್ಲ. ಬೆಳೆಯುವ ಹುಡುಗರಿಗೆ ಹಲ್ಲು ಬದಲಾದಂತೆ ಹೊಸದು ಮಾಡಿಸಬೇಕು.