ತುಟಿಗೂ ಮಾತಿಗೂ ಮತ್ತೆ ತಾಳ ಕೂಡಿತು

ನನ್ನ ಬಗ್ಗೆ ನಾನೇ ಮಾತಾಡಿದ ಮೂರು ನಿಮಿಷದ ವಿಡಿಯೋ. ಮೊಬೈಲಿನಲ್ಲಿ ಸರಿಯಾಗಿಯೇ ಓಡುತ್ತಿತ್ತು. ಕಂಪ್ಯೂಟರಿನಲ್ಲಿ ಎಡಿಟ್ ಮಾಡಲು ಕೂತರೆ, ಕೊನೆಕೊನೆಗೆ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ‘ಅಮ್ಮ’ ಎನ್ನುವಾಗ ತುಟಿ ಮುಚ್ಚಲೇಬೇಕಲ್ಲ. ಇಲ್ಲಿ ತುಟಿ ಮುಚ್ಚಿ ತೆರೆದಾದ ಮೇಲೆ ದನಿ ಬರುತ್ತಿತ್ತು. ಅಮ್ಮನ ಬಗ್ಗೆ ಹೇಳುವ ಜಾಗವೇ ಹಾಗಾಗಿದ್ದು ತುಂಬ ಬೇಜಾರಾಯಿತು.

ಆಡಿಯೋ ಬೇರ್ಪಡಿಸಿ ಹಿಂದೆ ಮುಂದೆ ಸರಿಸಿ ನೋಡಿದೆ. ಕೊನೆ ಸರಿಹೋದರೆ ಶುರು ಕೆಡುತ್ತಿತ್ತು. ಸುಳಿವು ಸಿಕ್ಕಿದ್ದೇ ಅಲ್ಲಿ: ಅಂತರ ಹೋಗ್ತಾ ಹೋಗ್ತಾ ಬೆಳೆಯುತ್ತಿದೆ! ಮೊಬೈಲಿನಲ್ಲಿ ಸೆಕೆಂಡಿಗೆ 30 ಫ್ರೇಮ್ (ವಿಡಿಯೋದ ಬಿಡಿ ಚಿತ್ರ) ಅಂತಿದ್ದರೂ, ಬೆಳಕು ಕಡಿಮೆಯಾದಾಗ ಅದು ಇಳಿಯಬಹುದು, ಏರುಪೇರಾಗುತ್ತಿರುತ್ತದೆ. ಕೆಲವು ಎಡಿಟಿಂಗ್ ಸಾಫ್ಟ್‌ವೇರುಗಳು ಅದನ್ನು ಒಂದೇ ಸಮ ಅಂತ ಲೆಕ್ಕ ಹಾಕುತ್ತವೆ. ಹಾಗಾಗಿ ಚಿತ್ರ ದನಿಯಿಂದ ದೂರ ಸರಿಯುತ್ತಾ ಹೋಗುತ್ತದೆ.

ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಮೂಲ ಫೈಲ್ ತೆರೆದು, ವಿಡಿಯೋ ಟ್ಯಾಬಿನಲ್ಲಿ ಫ್ರೇಮ್ ರೇಟ್ 30 ಮಾಡಿ, ‘ಕಾನ್‌ಸ್ಟೆಂಟ್’ (ಅಂದರೆ ಏರುಪೇರಿಲ್ಲದೆ ಒಂದೇ ಸಮ) ಆರಿಸಿ ಹೊಸ ಫೈಲ್ ಮಾಡಿಕೊಂಡೆ. ಮೊದಲು ಕಟ್ ಮಾಡಿದ್ದನ್ನೆಲ್ಲ ಮತ್ತೆ ಮಾಡಬೇಕಾಯಿತು. ಅದಕ್ಕೇ ಹೇಳುತ್ತಿದ್ದೇನೆ, ಎಡಿಟಿಂಗಿಗೆ ಕೈ ಹಾಕುವ ಮುಂಚೆಯೇ ಇದನ್ನು ಮುಗಿಸಿಕೊಳ್ಳಿ. ಈಗ ಕೊನೆಯ ‘ಅಮ್ಮ’ ಕೂಡ ತುಟಿಗೆ ಸರಿಯಾಗಿ ಕೂತಿದೆ.